ಕೊಲೆಯಾಗಿ ಐದು ವರ್ಷದ ಮೇಲೆ ಬಯಲಿಗೆ ಬಂದ ಮದುವೆ

ಪ್ರಶ್ನೆ: ಮಗಳು ಅಳಿಯ ಪೋರ್ಚುಗಲ್‌ನಲ್ಲಿದ್ದಾರೆ. ಅವರೊಂದಿಗೆ ಅಲ್ಕೊಬಾಸಾ ಎಂಬಲ್ಲಿಯ ಹಳೆಯ ಮಠಕ್ಕೆ ಹೋಗಿದ್ದೆ. ಅಲ್ಲಿ ರಾಜ ಪೆದ್ರೊ ಮತ್ತು ಇನೆಸ್ ಎಂಬುವಳ ಸಮಾಧಿಗಳಿವೆ. ಅವಳು ರಾಣಿಯ ದಾಸಿಯಾಗಿದ್ದಳು, ರಾಜಕುಮಾರ ಗುಟ್ಟಾಗಿ ಮದುವೆಯಾದ, ಅವನ ತಂದೆ ಅವಳನ್ನು ಕೊಲ್ಲಿಸಿದ, ಮುಂದೆ ಪೆದ್ರೊ ಪಟ್ಟಕ್ಕೆ ಬಂದಾಗ ಹೆಣವನ್ನು ತೆಗೆಸಿ ಸಿಂಹಾಸನದಲ್ಲಿ ಕೂರಿಸಿ ಕಿರೀಟ ತೊಡಿಸಿದ ಎಂದು ಮಾರ್ಗದರ್ಶಿ ಹೇಳಿದ. ಇದರಲ್ಲಿ ನಿಜವೆಷ್ಟು? ಅವಳು ಯಾರ ಮನೆಯವಳು? ಮದುವೆ ನಡೆದಿತ್ತೇ, ಇಲ್ಲವೇ?

ಉತ್ತರ: ಮೊದಲು ಹೆಣದ ವಿಷಯ ಮುಗಿಸಿಬಿಡುತ್ತೇನೆ. ಶವಕ್ಕೆ ಪಟ್ಟ ಕಟ್ಟಿದ ಕಥೆ ಆ ಕಾಲದ ಯಾವ ದಾಖಲೆಯಲ್ಲೂ ಇಲ್ಲ. ಪೆದ್ರೊನ ಆಳ್ವಿಕೆಯ ಚರಿತ್ರೆ ಬರೆದ ಫೆರ್ನಾಂವ್ ಲೊಪೆಸ್ ರೋಚಕ ಸಂಗತಿ ಸಿಕ್ಕರೆ ಬಿಡುವವನಲ್ಲ. ಅವನೂ ಇದರ ಬಗ್ಗೆ ಒಂದಕ್ಷರ ಬರೆದಿಲ್ಲ. ಕೊಲೆ ನಡೆದು ಇನ್ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, ಸ್ಪೇನಿನ ನಾಟಕಗಳ ಮೂಲಕ ಈ ಕಥೆ ಜನರ ಬಾಯಿಗೆ ಬಿತ್ತು.

"ದಾಸಿ" ಎಂಬುದೂ ಅಷ್ಟೇ ಸುಳ್ಳು, ಮತ್ತು ಹೆಚ್ಚು ದಾರಿ ತಪ್ಪಿಸುವ ಸುಳ್ಳು. ಬಡವರ ಮನೆಯ ಹುಡುಗಿಯಾಗಿದ್ದರೆ ಇನೆಸ್‌ಳನ್ನು ಯಾರೂ ಕೊಲ್ಲುತ್ತಿರಲಿಲ್ಲ. ಅರಸುಮಕ್ಕಳು ಅಂಥವರನ್ನು ಇಟ್ಟುಕೊಳ್ಳುತ್ತಿದ್ದರು, ಮಕ್ಕಳಾದರೆ ಒಂದಿಷ್ಟು ಜಮೀನು ಬರೆದುಕೊಡುತ್ತಿದ್ದರು, ಯಾರ ನಿದ್ದೆಯೂ ಕೆಡುತ್ತಿರಲಿಲ್ಲ. ಇವಳ ವಿಷಯದಲ್ಲಿ ಕೆಟ್ಟದ್ದು ಅವಳ ತವರಿನಿಂದ.

ಕಾಸ್ತ್ರೊಗಳು ಗಲಿಸಿಯಾದ ಬಹಳ ದೊಡ್ಡ ಮನೆತನ. ಪೋರ್ಚುಗಲ್‌ನ ಉತ್ತರದ ಗಡಿ ದಾಟಿದರೆ ಸಿಗುವ ಗಲಿಸಿಯಾ ಆಗ, ಇಂದಿನ ಸ್ಪೇನಿನಲ್ಲಿದ್ದ ಕಾಸ್ಟೀಲ್ ರಾಜ್ಯದ ಭಾಗ. ಇನೆಸ್‌ಳ ತಂದೆ ಪೆದ್ರೊ ಫೆರ್ನಾಂದೆಸ್ ದ ಕಾಸ್ತ್ರೊ ಲೆಮೊಸ್ ಮತ್ತು ಸಾರಿಯಾ ಸೀಮೆಗಳ ಒಡೆಯ. ಕಾಸ್ಟೀಲ್‌ನ ರಾಜ ಹನ್ನೊಂದನೆಯ ಅಲ್ಫೊನ್ಸೊನ ಅರಮನೆಯ ಪ್ರಧಾನ ಅಧಿಕಾರಿ. ಜನ ಅವನನ್ನು "ಯುದ್ಧದವನು" ಎಂದೇ ಕರೆಯುತ್ತಿದ್ದರು. ಕಾಸ್ಟೀಲ್‌ನ ನಾಲ್ಕನೆಯ ಸಾಂಚೊ ರಾಜನಿಗೆ ಮದುವೆಯ ಹೊರಗೆ ಹುಟ್ಟಿದ ವಿಯೊಲಾಂಟೆ ಅವನ ತಾಯಿ. ಹೀಗಾಗಿ ಇನೆಸ್‌ಳ ಮೈಯಲ್ಲಿ ಹರಿಯುತ್ತಿದ್ದುದು ಕಾಸ್ಟೀಲ್‌ನ ರಾಜರಕ್ತ, ಆದರೆ ಕಳ್ಳದಾರಿಯಲ್ಲಿ ಬಂದದ್ದು. ಅವಳೂ ಆ ತಂದೆಗೆ ಕಟ್ಟಿಕೊಂಡ ಹೆಂಡತಿಯಲ್ಲಿ ಹುಟ್ಟಿದವಳಲ್ಲ. ತಾಯಿ ಅಲ್ದೊನ್ಸಾ ಲೊರೆನ್ಸೊ ದ ವಲಾದಾರೆಸ್ ಕುಲೀನಳೇ, ಆದರೆ ಮದುವೆಯಾದವಳಲ್ಲ. ಅದೇ ತಾಯಿಗೆ ಹುಟ್ಟಿದ ಒಡಹುಟ್ಟು ಆಲ್ವಾರೊ. ತಂದೆಯ ಧರ್ಮಪತ್ನಿಗೆ ಹುಟ್ಟಿದವರು ಫೆರ್ನಾಂದೊ ಮತ್ತು ಹುವಾನಾ. ಈ ಮೂರು ಹೆಸರುಗಳನ್ನು ನೆನಪಿಡಿ, ಮುಂದೆ ಮೂವರೂ ಬರುತ್ತಾರೆ.

ಈಗ ಪೆದ್ರೊನ ಕಡೆ ನೋಡಿ. ಪೋರ್ಚುಗಲ್‌ನ ರಾಜ ನಾಲ್ಕನೆಯ ಅಫೊನ್ಸೊನ ಮಗ ಅವನು, 1320ರಲ್ಲಿ ಹುಟ್ಟಿದವನು. ತಾಯಿ ಬೆಯಾತ್ರಿಸ್, ಅದೇ ಸಾಂಚೊ ರಾಜನ ಮಗಳು, ಪಟ್ಟದ ರಾಣಿಗೆ ಹುಟ್ಟಿದವಳು. ಅಂದರೆ ಪೆದ್ರೊನ ತಾಯಿಯೂ ಇನೆಸ್‌ಳ ಅಜ್ಜಿಯೂ ಮಲಸಹೋದರಿಯರು. ಯುರೋಪಿನ ವಂಶವೃಕ್ಷಗಳಲ್ಲಿ ಇದನ್ನು ವಿವರಿಸಲು ಮೂರು ಸಾಲು ಬೇಕು, ಕನ್ನಡದಲ್ಲಿ ಒಂದು ಮಾತು ಸಾಕು. ಇನೆಸ್‌ಳ ತಂದೆ ಪೆದ್ರೊನಿಗೆ ಅಣ್ಣನಾಗಬೇಕು, ಇನೆಸ್ ಮಗಳಾಗಬೇಕು.

ಇದನ್ನು ಹೇಳಲು ಕಾರಣವಿದೆ. ಆ ಕಾಲದ ಚರ್ಚು ನಾಲ್ಕು ತಲೆಮಾರಿನ ಒಳಗಿನ ಸಂಬಂಧವನ್ನೆಲ್ಲ ನಿಷೇಧಿಸಿತ್ತು ಎಂದಾಗ ನಮ್ಮ ವಿದ್ಯಾರ್ಥಿಗಳು ನಗುತ್ತಾರೆ. ಸೋದರತ್ತೆಯ ಮಗನನ್ನೂ ಸೋದರಮಾವನನ್ನೂ ಮದುವೆಯಾಗುವ ಸೀಮೆಯಿಂದ ಬಂದವರಿಗೆ ಆ ನಿಯಮ ಅತಿಯೆನಿಸುವುದು ಸಹಜ. ಆದರೆ ಈ ಜೋಡಿಯನ್ನು ನಮ್ಮ ಹಳ್ಳಿಯ ಹಿರಿಯರ ಮುಂದೆ ನಿಲ್ಲಿಸಿದ್ದರೂ ಅವರು ತಲೆಯಾಡಿಸುತ್ತಿದ್ದರು. ವರಸೆ ಕೂಡದು.

ಚರ್ಚಿನ ಲೆಕ್ಕದಲ್ಲಿ ಇನ್ನೊಂದು ತೊಡಕೂ ಸೇರಿತು. 1340ರ ಸುಮಾರಿಗೆ ಪೆದ್ರೊನ ಹೆಂಡತಿಯಾಗಿ ಕಾಸ್ಟೀಲ್‌ನಿಂದ ಬಂದವಳು ಕೊನ್ಸ್ಟಾನ್ಸಾ. ಅವಳ ಪರಿವಾರದ ಕುಲೀನ ಸಖಿಯರಲ್ಲಿ ಇನೆಸ್ ಒಬ್ಬಳು. ನಿಮ್ಮ ಮಾರ್ಗದರ್ಶಿಯ "ದಾಸಿ" ಬಂದದ್ದು ಇಲ್ಲಿಂದ ಇರಬೇಕು. ಗಂಡನ ಕಣ್ಣು ಎಲ್ಲಿ ನೆಟ್ಟಿದೆ ಎಂದು ಕೊನ್ಸ್ಟಾನ್ಸಾಳಿಗೆ ತಿಳಿಯಲು ಹೆಚ್ಚು ದಿನ ಹಿಡಿಯಲಿಲ್ಲ. ಅವಳು ಮಾಡಿದ ಉಪಾಯವನ್ನು ನಾನು ಮೆಚ್ಚುತ್ತೇನೆ. ತನಗೆ ಲೂಯಿಸ್ ಎಂಬ ಮಗ ಹುಟ್ಟಿದಾಗ ಇನೆಸ್‌ಳನ್ನೇ ಕರೆದು ಮಗುವಿನ ಧರ್ಮತಾಯಿಯಾಗಿ ನಿಲ್ಲಿಸಿದಳು. ದೀಕ್ಷಾಸ್ನಾನದ ಸಮಯದಲ್ಲಿ ಮಗುವನ್ನು ಎತ್ತಿ ಹಿಡಿದವಳಿಗೂ ಮಗುವಿನ ತಂದೆಗೂ ಚರ್ಚಿನ ದೃಷ್ಟಿಯಲ್ಲಿ ಆಧ್ಯಾತ್ಮಿಕ ನಂಟು ಬೆಳೆಯುತ್ತದೆ, ಅಂಥವರು ಮದುವೆಯಾಗುವಂತಿಲ್ಲ. ಬೈಗುಳವಿಲ್ಲ, ರಂಪವಿಲ್ಲ, ಒಂದು ಪಾವನ ವಿಧಿಯಿಂದಲೇ ಬಾಗಿಲಿಗೆ ಚಿಲಕ. ಮಗು ಹೆಚ್ಚು ದಿನ ಬದುಕಲಿಲ್ಲ. ಚಿಲಕವೂ ನಿಲ್ಲಲಿಲ್ಲ.

1344ರಲ್ಲಿ ಅಫೊನ್ಸೊ ರಾಜ ಇನೆಸ್‌ಳನ್ನು ಗಡಿಯಾಚೆಯ ಅಲ್ಬುಕರ್ಕ್ ಕೋಟೆಗೆ ಅಟ್ಟಿದ. ಹೆಸರು ನಿಮಗೆ ಪರಿಚಿತವೇ. 1510ರಲ್ಲಿ ಗೋವಾ ಹಿಡಿದ ಅಲ್ಬುಕರ್ಕ್‌ನ ಮನೆಹೆಸರು ಇದೇ ಊರಿನದು. ಇನೆಸ್ ಬೆಳೆದ ಮನೆಯೂ ಅದೇ ಕೋಟೆಯಲ್ಲಿತ್ತು, ಮತ್ತು ಅದು ಅಫೊನ್ಸೊನಿಗೆ ಆಗದ ಮನೆ. ಅಫೊನ್ಸೊ ಯುವರಾಜನಾಗಿದ್ದಾಗ ಅವನ ತಂದೆ ದಿನಿಸ್ ರಾಜ ತನ್ನ ಅನೌರಸ ಮಗ ಅಫೊನ್ಸೊ ಸಾಂಚೆಸ್‌ನನ್ನು ಅತಿಯಾಗಿ ಮುದ್ದಿಸುತ್ತಿದ್ದ. ಪಟ್ಟ ಅವನ ಪಾಲಾಗುತ್ತದೆಂಬ ಭಯದಿಂದ ಅಫೊನ್ಸೊ ತಂದೆಯ ಮೇಲೆಯೇ ಕತ್ತಿ ಹಿರಿದ. 1319ರಿಂದ 1324ರವರೆಗೆ ದೇಶ ಅಂತರ್ಯುದ್ಧದಲ್ಲಿ ಬೆಂದಿತು. ಆ ಅಫೊನ್ಸೊ ಸಾಂಚೆಸ್ ಅಲ್ಬುಕರ್ಕ್‌ನ ಒಡೆಯನಾಗಿದ್ದ, ಅವನ ವಿಧವೆಯೇ ಇನೆಸ್‌ಳನ್ನು ಸಾಕಿದವಳು. ಸೂಳೆಮಗ ಎಂದು ತಾನು ಬೈದವನ ಮನೆಯಲ್ಲಿ ಬೆಳೆದ ಹುಡುಗಿ ಈಗ ತನ್ನ ಮಗನಿಗೆ ಅನೌರಸ ಮಕ್ಕಳನ್ನು ಹೆರುತ್ತಿದ್ದಾಳೆ. ಆ ಮುದುಕನ ಮನಸ್ಸಿನಲ್ಲಿ ಏನು ಕುದಿಯುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ.

ಕೊನ್ಸ್ಟಾನ್ಸಾ ತೀರಿಕೊಂಡಳು. ಅವಳ ಗಂಡುಮಕ್ಕಳಲ್ಲಿ ಉಳಿದವನು 1345ರಲ್ಲಿ ಹುಟ್ಟಿದ ಫೆರ್ನಾಂದೊ ಒಬ್ಬನೇ. ಪೆದ್ರೊ ಇನೆಸ್‌ಳನ್ನು ಮರಳಿ ಕರೆತಂದ. ಇಬ್ಬರೂ ಬಹಿರಂಗವಾಗಿಯೇ ಸಂಸಾರ ಹೂಡಿದರು. ಜೊವಾಂವ್, ದಿನಿಸ್, ಬೆಯಾತ್ರಿಸ್ ಎಂಬ ಮೂರು ಮಕ್ಕಳು ಬೆಳೆದರು, ಒಂದು ಕೂಸು ಎಳವೆಯಲ್ಲೇ ಹೋಗಿತ್ತು. ಅತ್ತ ಒಂದೇ ಎಳೆಯ ಮೇಲೆ ತೂಗುವ ಔರಸ ವಾರಸುದಾರ, ಇತ್ತ ಗಟ್ಟಿಮುಟ್ಟಾದ ಇಬ್ಬರು ಗಂಡುಮಕ್ಕಳು ಮತ್ತು ಅವರ ಬೆನ್ನಿಗೆ ಗಲಿಸಿಯಾದ ಸೋದರಮಾವಂದಿರು. ಮಕ್ಕಳಿಗಿಂತ ಮಾವಂದಿರದೇ ಹೆಚ್ಚಿನ ತಲೆನೋವು.

1354ನೆಯ ಇಸವಿಯನ್ನು ತುಸು ಹತ್ತಿರದಿಂದ ನೋಡಬೇಕು. ಆಗ ಕಾಸ್ಟೀಲ್‌ನ ಸಿಂಹಾಸನದ ಮೇಲಿದ್ದವನೂ ಒಬ್ಬ ಪೆದ್ರೊ. ಚರಿತ್ರೆ ಅವನನ್ನು "ಕ್ರೂರಿ" ಎಂದು ಕರೆಯುತ್ತದೆ. ನಮ್ಮ ಪೆದ್ರೊನ ಅಕ್ಕತಂಗಿಯರಲ್ಲಿ ಒಬ್ಬಳ ಮಗ ಅವನು. ಫ್ರಾನ್ಸಿನಿಂದ ಬಂದ ಮಡದಿ ಬ್ಲಾಂಶ್‌ಳನ್ನು ಮದುವೆಯಾದ ಕೆಲವೇ ದಿನಗಳಲ್ಲಿ ತೊರೆದಿದ್ದ. ಈಗ ಅವನ ಕಣ್ಣು ಬಿದ್ದದ್ದು ಇನೆಸ್‌ಳ ಮಲತಂಗಿ ಹುವಾನಾಳ ಮೇಲೆ. ಮದುವೆಯಾಗದೆ ಹತ್ತಿರ ಸುಳಿಯಬೇಡ ಎಂದಳು ಆಕೆ. ಸರಿ, ಆವಿಲಾ ಮತ್ತು ಸಾಲಮಾಂಕಾದ ಇಬ್ಬರು ಬಿಷಪ್ಪರನ್ನು ಕರೆಸಿ, ಬ್ಲಾಂಶ್ ಜೊತೆಗಿನ ಮದುವೆ ಮದುವೆಯೇ ಅಲ್ಲ ಎಂದು ಹೇಳಿಸಿದ. ಆ ಬಿಷಪ್ಪರು ಬೇರೇನು ಹೇಳಿಯಾರು, ತಲೆ ಅವರದೂ ಒಂದೇ ತಾನೆ. ಕುಯೆಯಾರ್ ಪಟ್ಟಣದಲ್ಲಿ ಮದುವೆ ನಡೆಯಿತು. ಮರುದಿನವೇ ಅರಸ ಹೊರಟುಹೋದ, ಮತ್ತೆ ಅವಳ ಮುಖ ನೋಡಲಿಲ್ಲ. ಹುವಾನಾ ಮಾತ್ರ ಸಾಯುವವರೆಗೂ ತನ್ನನ್ನು ರಾಣಿ ಎಂದೇ ಕರೆದುಕೊಂಡಳು. ಸಾಂತಿಯಾಗೊ ಮಹಾಚರ್ಚಿನಲ್ಲಿರುವ ಅವಳ ಸಮಾಧಿಯ ಮೇಲೂ ಹಾಗೆಯೇ ಬರೆದಿದೆ. ಒಬ್ಬ ತಂದೆ, ಇಬ್ಬರು ಹೆಣ್ಣುಮಕ್ಕಳು, ಪೆದ್ರೊ ಎಂಬ ಹೆಸರಿನ ಇಬ್ಬರು ರಾಜರು, ಎರಡೂ ಮದುವೆಗಳು ಇವತ್ತಿಗೂ ವಿವಾದ! ನಾಟಕದಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆ.

ತಂಗಿಗಾದ ಅವಮಾನಕ್ಕೆ ಫೆರ್ನಾಂದೊ ದ ಕಾಸ್ತ್ರೊ ದಂಗೆಯೆದ್ದ. ಕಾಸ್ಟೀಲ್‌ನ ದಂಗೆಕೋರರು ಆಲ್ವಾರೊನನ್ನು ಪೋರ್ಚುಗಲ್‌ಗೆ ಕಳುಹಿಸಿ ಪೆದ್ರೊನ ಮುಂದೆ ಒಂದು ಮಾತಿಟ್ಟರು. ನೀನೂ ಸಾಂಚೊನ ಮೊಮ್ಮಗ, ಬಾ, ಕಾಸ್ಟೀಲ್‌ನ ಸಿಂಹಾಸನ ತೆಗೆದುಕೊ. ಪೆದ್ರೊ ಮನಸ್ಸು ಮಾಡಿದ್ದ. ಅಫೊನ್ಸೊ ಅಡ್ಡ ಬಂದು ತಡೆದ. ಪೋರ್ಚುಗಲ್‌ಗಿಂತ ಎಷ್ಟೋ ದೊಡ್ಡ ರಾಜ್ಯದ ಒಳಜಗಳಕ್ಕೆ ತನ್ನ ಮಗ ಹೆಂಗಸಿನ ಅಣ್ಣತಮ್ಮಂದಿರ ಮಾತು ಕೇಳಿ ಧುಮುಕಲು ಹೊರಟಿದ್ದಾನೆ ಎಂಬುದು ಅವನಿಗೆ ಖಚಿತವಾಯಿತು. ಮುಂದಿನ ಜನವರಿಯಲ್ಲಿ ಮೊಂತೆಮೊರ್‌ನಲ್ಲಿ ಸಮಾಲೋಚನೆ ನಡೆಯಿತು. 1355ರ ಜನವರಿ 7ರಂದು, ಪೆದ್ರೊ ಊರಲ್ಲಿಲ್ಲದ ಹೊತ್ತು ನೋಡಿ, ಕೊಯಿಂಬ್ರಾದ ಸಾಂತಾ ಕ್ಲಾರಾ ಕಾನ್ವೆಂಟಿನ ಪಕ್ಕದ ಅರಮನೆಯಲ್ಲಿ ಇನೆಸ್‌ಳನ್ನು ಕೊಂದರು. ಕೈಯಿಕ್ಕಿದವರೆಂದು ಹೆಸರಾದವರು ಮೂವರು: ಪೇರೊ ಕೊಯೆಲ್ಯೊ, ಆಲ್ವಾರೊ ಗೊನ್ಸಾಲ್ವೆಸ್, ದಿಯೊಗೊ ಲೊಪೆಸ್ ಪಾಚೆಕೊ. ಕೊಯಿಂಬ್ರಾದ ಬುಗ್ಗೆಯೊಂದರ ಕಲ್ಲುಗಳ ಮೇಲಿನ ಕೆಂಪು ಕಲೆಯನ್ನು ಅವಳ ರಕ್ತವೆಂದು ತೋರಿಸುತ್ತಾರೆ. ಅದು ಪಾಚಿ.

ಪೆದ್ರೊ ತಂದೆಯ ಮೇಲೆ ಯುದ್ಧ ಹೂಡಿದ, ಅದೇ ಆಗಸ್ಟ್‌ನಲ್ಲಿ ರಾಜಿಯಾದ, ಕೊಂದವರನ್ನು ಕ್ಷಮಿಸಿದೆ ಎಂದು ಆಣೆಯಿಟ್ಟ. 1357ರಲ್ಲಿ ಅಫೊನ್ಸೊ ಸತ್ತ. ಪಟ್ಟವೇರಿದ ಪೆದ್ರೊ, ಕಾಸ್ಟೀಲ್‌ಗೆ ಓಡಿಹೋಗಿದ್ದವರಲ್ಲಿ ಇಬ್ಬರನ್ನು ಅಲ್ಲಿಯ ಪೆದ್ರೊನಿಂದ ಬದಲಿ ಕೊಟ್ಟು ತರಿಸಿಕೊಂಡ. ಒಬ್ಬನ ಹೃದಯವನ್ನು ಎದೆ ಸೀಳಿ, ಇನ್ನೊಬ್ಬನದನ್ನು ಬೆನ್ನು ಸೀಳಿ ಕೀಳಿಸಿದ. ಕೊಯೆಲ್ಯೊ ಎಂದರೆ ಅವರ ಮಾತಿನಲ್ಲಿ ಮೊಲ. "ಮೊಲಕ್ಕೆ ಈರುಳ್ಳಿ, ವಿನೆಗರ್ ತನ್ನಿ" ಎಂದು ಅರಸ ಕೂಗಿದನಂತೆ. ಪಾಚೆಕೊ ಮಾತ್ರ ತಪ್ಪಿಸಿಕೊಂಡ. ಕ್ಷಮಿಸುತ್ತೇನೆ ಎಂದು ಇಟ್ಟ ಆಣೆಯ ಗತಿ ಏನಾಯಿತೆಂದು ನೋಡಿದಿರಲ್ಲ. ಈಗ ಅದೇ ಬಾಯಿಯ ಇನ್ನೊಂದು ಆಣೆಗೆ ಬರೋಣ.

1360ರ ಜೂನ್ 12. ಕೊಯಿಂಬ್ರಾದ ಬಳಿಯ ಕಾಂತನ್ಯೆದೆ ಎಂಬ ಊರು. ಪೆದ್ರೊ ತನ್ನ ಪ್ರಮುಖರ ಮುಂದೆ ಸುವಾರ್ತೆಯ ಪುಸ್ತಕದ ಮೇಲೆ ಕೈಯಿಟ್ಟು ಹೇಳಿದ: ತಂದೆ ಬದುಕಿದ್ದಾಗಲೇ, ಸುಮಾರು ಏಳು ವರ್ಷದ ಹಿಂದೆ, ಬ್ರಗಾನ್ಸಾದಲ್ಲಿ ಇನೆಸ್‌ಳನ್ನು ಶಾಸ್ತ್ರಪ್ರಕಾರ ಮದುವೆಯಾದೆ. ದಿನ ತಿಂಗಳು ನೆನಪಿಲ್ಲ. ತಂದೆಯ ಭಯದಿಂದ ಗುಟ್ಟಾಗಿಟ್ಟಿದ್ದೆ. ಕೆಲವು ದಿನಗಳ ನಂತರ ಕೊಯಿಂಬ್ರಾದಲ್ಲಿ ಇಬ್ಬರು ಸಾಕ್ಷಿಗಳ ಹೇಳಿಕೆಯನ್ನು ಲಿಪಿಕಾರರು ಬರೆದುಕೊಂಡರು. ಒಬ್ಬ ಗ್ವಾರ್ದಾದ ಬಿಷಪ್ ದೊಂ ಜಿಲ್, ಮದುವೆ ಮಾಡಿಸಿದವನು ತಾನೇ ಎಂದ. ಅವನಿಗೂ ದಿನ ನೆನಪಿಲ್ಲ. ಇನ್ನೊಬ್ಬ ಅರಸನ ಸೇವಕ ಎಸ್ತೆವಾಂವ್ ಲೊಬಾತೊ. ಅವನಿಗೆ ನೆನಪಿತ್ತು: ಜನವರಿ ಒಂದನೆಯ ತಾರೀಖು.

ದಿನ ಮರೆಯುವುದೇನೂ ಅಪರಾಧವಲ್ಲ. ನನ್ನ ತಂದೆಗೆ ತಮ್ಮ ಮದುವೆಯ ತಾರೀಖು ಕೊನೆಯವರೆಗೂ ಗೊತ್ತಿರಲಿಲ್ಲ, "ಆ ವರ್ಷ ಕೆರೆ ಕೋಡಿ ಬಿದ್ದಿತ್ತು" ಎನ್ನುತ್ತಿದ್ದರು. ಹಳೆಯ ಕಾಲದವರು ದಿನ ನೆನಪಿಡುತ್ತಿದ್ದುದು ಹಬ್ಬ, ಮಳೆ, ಬೆಳೆಗಳ ಲೆಕ್ಕದಲ್ಲಿ. ಆದರೆ ಆ ಲೆಕ್ಕ ಇಲ್ಲಿ ಪೆದ್ರೊನಿಗೆ ತಿರುಗಿ ಬಡಿಯುತ್ತದೆ. ಪೋರ್ಚುಗಲ್‌ನವರು ಆಗ ಅನುಸರಿಸುತ್ತಿದ್ದುದು ನಮ್ಮ ಇಸವಿಗಿಂತ 38 ವರ್ಷ ಮುಂದಿದ್ದ ಸೀಸರನ ಶಕೆಯನ್ನು. ನಮ್ಮ 1360 ಅವರಿಗೆ 1398ನೆಯ ವರ್ಷ. ಆ ಶಕೆಯಲ್ಲೂ ವರ್ಷ ಶುರುವಾಗುತ್ತಿದ್ದುದು ಜನವರಿ ಒಂದಕ್ಕೆ, ಚರ್ಚಿಗೂ ಅದು ಹಬ್ಬದ ದಿನ. ಯುಗಾದಿಯ ದಿನ ಮದುವೆಯಾದವನು ಯಾವ ದಿನವೋ ಮರೆತೆ ಎಂದರೆ ನೀವು ನಂಬುತ್ತೀರಾ? ಈ ಆಕ್ಷೇಪ ನನ್ನದಲ್ಲ. ಆಗಲೇ ಕೆಲವರು ಹೀಗೆ ಗೊಣಗಿದರೆಂದು ಲೊಪೆಸ್ ಬರೆದಿದ್ದಾನೆ. ಅವರ ಇನ್ನೊಂದು ಪ್ರಶ್ನೆ ಇನ್ನೂ ಹರಿತ. ಅಂಜಿಸುತ್ತಿದ್ದ ತಂದೆ ಸತ್ತು ಮೂರು ವರ್ಷವಾಯಿತು, ಇಷ್ಟು ದಿನ ಅರಸನ ಬಾಯಿ ಕಟ್ಟಿದವರು ಯಾರು?

ಲೊಪೆಸ್‌ನನ್ನೂ ಕಣ್ಣುಮುಚ್ಚಿ ನಂಬಬಾರದು. ಘಟನೆಯಾಗಿ ಎರಡು ಮೂರು ತಲೆಮಾರು ಕಳೆದ ಮೇಲೆ ಬರೆದವನು ಅವನು, ಅರಮನೆಯ ದಫ್ತರಖಾನೆಯ ಪಾಲಕ. ಅವನಿಗೆ ಸಂಬಳ ಕೊಡುತ್ತಿದ್ದ ವಂಶಕ್ಕೆ ಸಿಂಹಾಸನ ಸಿಕ್ಕಿದ್ದೇ ಈ ಮದುವೆ ಸುಳ್ಳೆಂದು ಸಾಧಿಸಿದ್ದರಿಂದ. ಆದರೂ ಎರಡೂ ಕಡೆಯ ಮಾತನ್ನು ಅವನು ದಾಖಲಿಸಿದ್ದಾನೆ, ಆ ಪ್ರಾಮಾಣಿಕತೆಗೆ ನನ್ನ ಗೌರವವಿದೆ.

ಕಾನೂನು ಏನೆನ್ನುತ್ತಿತ್ತು? ಗುಟ್ಟಿನ ಮದುವೆ ಎಂಬುದೇ ಅಸಾಧ್ಯ ಎಂದು ತಿಳಿಯಬೇಡಿ. 1563ರಲ್ಲಿ ಚರ್ಚಿನ ಟ್ರೆಂಟ್ ಮಹಾಸಭೆ ನಿಯಮ ಬಿಗಿಗೊಳಿಸುವವರೆಗೆ ಗಂಡು ಹೆಣ್ಣು ಪರಸ್ಪರ "ಈಗ ನಿನ್ನನ್ನು ವರಿಸಿದೆ" ಎಂದುಕೊಂಡರೆ ಸಾಕಿತ್ತು. ಪಾದ್ರಿ, ಸಾಕ್ಷಿ, ಊಟ ಯಾವುದೂ ಇಲ್ಲದೆ ಮದುವೆ ಸಿಂಧುವಾಗುತ್ತಿತ್ತು. ನಮ್ಮ ಗಾಂಧರ್ವ ವಿವಾಹಕ್ಕೆ ತೀರ ಹತ್ತಿರ. ಆದ್ದರಿಂದ ಬ್ರಗಾನ್ಸಾದ ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಾತು ಕೊಟ್ಟುಕೊಂಡಿರಬಹುದು. ಆದರೆ ವರಸೆ ಕೂಡದವರ ನಡುವೆ ಆ ಮಾತಿಗೆ ಬೆಲೆ ಬರಬೇಕಾದರೆ ಪೋಪ್ ಕೊಟ್ಟ ವಿನಾಯಿತಿ ಬೇಕು. ಅದಕ್ಕೂ ಪೆದ್ರೊ ಒಂದು ಕಾಗದ ಓದಿಸಿದ. ಪೋಪ್ ಇಪ್ಪತ್ತೆರಡನೆಯ ಜಾನ್ 1325ರಲ್ಲಿ ಕೊಟ್ಟದ್ದು, ಪೆದ್ರೊ ನಂಟಿನೊಳಗೆ ಮದುವೆಯಾಗಬಹುದು ಎಂಬುದು. ಆಗ ಪೆದ್ರೊನಿಗೆ ಐದು ವರ್ಷವೂ ತುಂಬಿರಲಿಲ್ಲ. ಅದರಲ್ಲಿ ಇನೆಸ್‌ಳ ಹೆಸರಿಲ್ಲ, ಧರ್ಮತಾಯಿಯ ತೊಡಕು ಇನ್ನೂ ಹುಟ್ಟಿರಲೇ ಇಲ್ಲ.

ನನ್ನ ಅಭಿಪ್ರಾಯ ಕೇಳಿದ್ದೀರಿ, ಹೇಳುತ್ತೇನೆ. ಇಬ್ಬರ ನಡುವೆ ಏನೋ ಮಾತು ನಡೆದಿರಬಹುದು. ಚರ್ಚು ಒಪ್ಪುವ ಮದುವೆ ನಡೆದಿರಲಿಲ್ಲ. ಗ್ವಾರ್ದಾದ ಬಿಷಪ್ಪನ ಸಾಕ್ಷ್ಯ ಕುಯೆಯಾರ್‌ನ ಬಿಷಪ್ಪರ ತೀರ್ಪಿನ ಜಾತಿಯದೇ, ಕೇಳಿದವನು ಅರಸ, ಹೇಳಿದವನು ಅರಸನ ಋಣದಲ್ಲಿದ್ದವನು. 1360ರ ಆಣೆಯ ಉದ್ದೇಶ ಪ್ರೇಯಸಿಯ ಮಾನ ಉಳಿಸುವುದಷ್ಟೇ ಅಲ್ಲ. ಜೊವಾಂವ್, ದಿನಿಸ್, ಬೆಯಾತ್ರಿಸ್ ಆ ದಿನದಿಂದ ಔರಸ ಮಕ್ಕಳಾದರು. ಆಸ್ತಿ, ಬಿರುದು, ಸಂಬಂಧ ಎಲ್ಲಕ್ಕೂ ದಾರಿಯಾಯಿತು.

ಆ ಮದುವೆಯ ನಿಜವಾದ ವಿಚಾರಣೆ ನಡೆದದ್ದು ಪೆದ್ರೊನೂ ಅವನ ಮಗ ಫೆರ್ನಾಂದೊನೂ ಸತ್ತ ಮೇಲೆ, 1385ರಲ್ಲಿ, ಅದೇ ಕೊಯಿಂಬ್ರಾದಲ್ಲಿ ಸೇರಿದ ದೇಶದ ಪ್ರತಿನಿಧಿಗಳ ಮಹಾಸಭೆಯಲ್ಲಿ. ಫೆರ್ನಾಂದೊನ ಒಬ್ಬಳೇ ಮಗಳು ಕಾಸ್ಟೀಲ್‌ನ ರಾಜನ ಹೆಂಡತಿ. ಅವಳನ್ನು ಒಪ್ಪಿದರೆ ದೇಶವೇ ಕಾಸ್ಟೀಲ್ ಪಾಲಾಗುತ್ತದೆ. ಇನೆಸ್‌ಳ ಮಕ್ಕಳಿಗೆ ಕೊಡೋಣವೆಂದರೆ ಹಿರಿಯ ಜೊವಾಂವ್ ಹೆಂಡತಿಯನ್ನು ಕೊಂದು ಕಾಸ್ಟೀಲ್‌ಗೆ ಓಡಿಹೋಗಿ ಅಲ್ಲಿಯ ಸೆರೆಯಲ್ಲಿದ್ದ. ಆಗ ಎದ್ದು ನಿಂತವನು ಬೊಲೊನ್ಯಾದಲ್ಲಿ ಕಾನೂನು ಓದಿ ಬಂದ ಜೊವಾಂವ್ ದಾಸ್ ರೆಗ್ರಾಸ್. ಅವನ ವಾದಸರಣಿ ಇಂದಿಗೂ ವಕೀಲರು ಓದಬೇಕಾದ್ದು. ಫೆರ್ನಾಂದೊನ ರಾಣಿಗೆ ಮೊದಲ ಗಂಡ ಬದುಕಿದ್ದ, ಆದ್ದರಿಂದ ಅವರ ಮಗಳು ಅನೌರಸೆ. ಇನೆಸ್‌ಳ ಮದುವೆ ನಡೆದೇ ಇಲ್ಲ, ಆದ್ದರಿಂದ ಅವಳ ಮಕ್ಕಳೂ ಅನೌರಸರು. ಇನೆಸ್ ನಿನ್ನ ಹೆಂಡತಿಯೇ ಎಂದು ತಂದೆ ಹೇಳಿಕಳುಹಿಸಿದಾಗ ಪೆದ್ರೊನೇ ಅಲ್ಲ ಎಂದಿದ್ದನೆಂಬುದು ಅವನ ಒಂದು ಆಧಾರ. ಪೆದ್ರೊನ ಕೋರಿಕೆಯನ್ನು ಒಪ್ಪದ ಪೋಪ್ ಆರನೆಯ ಇನ್ನೊಸೆಂಟ್‌ನ ಪತ್ರವನ್ನೂ ಮುಂದಿಟ್ಟನೆಂದು ಲೊಪೆಸ್ ಹೇಳುತ್ತಾನೆ. ಅಲ್ಲಿಗೆ ಎಲ್ಲರೂ ಅನೌರಸರು, ಸಿಂಹಾಸನ ಖಾಲಿ, ಖಾಲಿ ಸಿಂಹಾಸನಕ್ಕೆ ಯಾರನ್ನು ಬೇಕಾದರೂ ಆರಿಸಬಹುದು. ಏಪ್ರಿಲ್ 6ರಂದು ಆರಿಸಿದ್ದು ಯಾರನ್ನು ಗೊತ್ತೇ? ಅವಿಸ್‌ನ ಜೊವಾಂವ್‌ನನ್ನು, ಇನೆಸ್‌ಳ ನಂತರ ಪೆದ್ರೊ ಇಟ್ಟುಕೊಂಡಿದ್ದ ತೆರೆಸಾ ಲೊರೆನ್ಸೊ ಹೆತ್ತ ಮಗನನ್ನು. ಅವನು ಅನೌರಸನೆಂಬುದನ್ನು ಸಾಬೀತುಪಡಿಸುವ ಅಗತ್ಯವೇ ಇರಲಿಲ್ಲ. ಅವನ ತಾಯಿಯನ್ನು ಮದುವೆಯಾದೆ ಎಂದು ಯಾರೂ ಆಣೆಯಿಟ್ಟಿರಲಿಲ್ಲ.

ಇನೆಸ್‌ಳ ಸಂತತಿ ಅಲ್ಲಿಗೆ ಅಳಿಯಲಿಲ್ಲ. ಮಗಳು ಬೆಯಾತ್ರಿಸ್‌ಳ ಮಗಳು ಅರಗೊನ್‌ನ ರಾಣಿಯಾದಳು. ಆ ರಾಣಿಯ ಮಗಳು ಅವಿಸ್‌ನ ಜೊವಾಂವ್‌ನ ಸೊಸೆಯಾಗಿ ಪೋರ್ಚುಗಲ್‌ಗೆ ಬಂದಳು. ವಾಸ್ಕೊ ಡ ಗಾಮನನ್ನು ಕಲ್ಲಿಕೋಟೆಗೆ ಕಳುಹಿಸಿದ ಮನುವೆಲ್ ರಾಜ ಅವಳ ಮೊಮ್ಮಗ. ಮಹಾಸಭೆ ಮುಂಬಾಗಿಲಿನಿಂದ ಹೊರಹಾಕಿದ ರಕ್ತ ಎರಡೇ ತಲೆಮಾರಿನಲ್ಲಿ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದು ಕೂತಿತ್ತು.

ನೀವು ನೋಡಿದ ಸಮಾಧಿಯ ಬಗ್ಗೆ ಒಂದು ಮಾತು. ಪೆದ್ರೊ ಬದುಕಿದ್ದಾಗಲೇ ಅವಳ ಅವಶೇಷವನ್ನು ಕೊಯಿಂಬ್ರಾದಿಂದ ಹದಿನೇಳು ಹರದಾರಿ ದೂರದ ಅಲ್ಕೊಬಾಸಾಕ್ಕೆ ತರಿಸಿದ, ದಾರಿಯುದ್ದಕ್ಕೂ ಜನ ಉರಿಯುವ ಮೇಣದಬತ್ತಿ ಹಿಡಿದು ನಿಂತಿದ್ದರು. ಪುನರುತ್ಥಾನದ ದಿನ ಎದ್ದು ಕೂತಾಗ ಒಬ್ಬರ ಮುಖ ಒಬ್ಬರಿಗೆ ಕಾಣಲೆಂದು ಕಾಲಿಗೆ ಕಾಲು ಕೊಟ್ಟು ಮಲಗಿಸಿದ್ದಾರೆ ಎಂದು ಮಾರ್ಗದರ್ಶಿ ಹೇಳಿರಬೇಕು. ಆ ಜೋಡಣೆ ಬಹಳ ಈಚಿನದು, ಮೊದಲು ಎರಡೂ ಅಕ್ಕಪಕ್ಕ ಇದ್ದವು. ನೆಪೋಲಿಯನ್‌ನ ಸೈನಿಕರು ಚಿನ್ನ ಹುಡುಕಿ ಒಡೆದ ಗುರುತುಗಳೂ ಅಲ್ಲಿವೆ. ಕಿರೀಟ ಮಾತ್ರ ಸುಳ್ಳಲ್ಲ. ಮತ್ತೊಮ್ಮೆ ಹೋದಾಗ ಮಲಗಿದ ಶಿಲ್ಪದ ತಲೆಯ ಕಡೆ ನೋಡಿ, ದೇವದೂತರು ಆತುಕೊಂಡಿರುವ ಆ ಕಲ್ಲಿನ ತಲೆಯ ಮೇಲೆ ಪೆದ್ರೊ ಕೆತ್ತಿಸಿದ ಕಿರೀಟವಿದೆ.